ಇಗುವಾನದ ಪೆಟ್ಟಿಗೆ

ನಾನು ಬಡಗಿ. ತುರುವೇಕೆರೆಯ ಟೀಚರಮ್ಮ ಒಬ್ಬರು ತಾವು ಸಾಕಿದ ಇಗುವಾನಕ್ಕೆ, ಅಂದರೆ ತೋಳುದ್ದದ ಹಸಿರು ಹಲ್ಲಿಗೆ, ಗಾಜಿನ ಬಾಗಿಲಿನ ಆಳುದ್ದದ ಪೆಟ್ಟಿಗೆ ಮಾಡಿಸಿದರು.

"ಹಿಂದಿನದು ಪೈನ್ ಮರದ್ದು ಕಣ್ರೀ. ಆ ವಾಸನೆಗೇ ಇದರ ಜೊತೆಯದು ಸತ್ತೋಯ್ತು," ಅಂದಿದ್ದರು. ಅದಕ್ಕೇ ಹಳೇ ಹಲಸಿನ ಹಲಗೆ ಹುಡುಕಿ, ಪಾಲಿಶ್ ಹಾಕದೆ ಮಾಡಿದೆ.

"ಇರಿ, ವಾಸನೆ ಬರುತ್ತಾ ಅಂತ ನಾನೇ ನೋಡ್ತೀನಿ," ಅಂತ, ಪೆಟ್ಟಿಗೆಯನ್ನು ಮನೆಗೆ ತಂದಿಟ್ಟ ಕೂಡಲೇ ಅವರು ಒಳಗೆ ಮಲಗಿ ಬಾಗಿಲು ಎಳೆದುಕೊಂಡರು.

ಎಷ್ಟು ಹೊತ್ತಾದರೂ ಏಳಲಿಲ್ಲ. "ಅಮ್ಮಾ, ಸಾಕು ಬನ್ರೀ," ಅಂದೆ. ಗಾಜಿನಾಚೆ ಅವರ ಕಣ್ಣು ರೆಪ್ಪೆ ಬಡಿಯುತ್ತಿರಲಿಲ್ಲ. ಕಿಟಕಿಯಲ್ಲಿ ಕೂತಿದ್ದ ಆ ಪ್ರಾಣಿಯೂ ಹಾಗೇ ನನ್ನನ್ನು ನೋಡುತ್ತಿತ್ತು. ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವರು ನಿಧಾನವಾಗಿ ತೆವಳಿ ಹೊರಬಂದು, "ಏನೂ ಆಗಲ್ಲ ಬುಡಿ," ಅಂದರು.

ಮೊನ್ನೆ ಮಂಚ ಬೇಕು ಅಂತ ಫೋನ್ ಮಾಡಿದ್ದರು. ಯಾರು ಮಲಗೋಕೆ ಅಂತ ನಾನು ಕೇಳಲಿಲ್ಲ. ಅಳತೆಯನ್ನು ಫೋನಲ್ಲೇ ತಗೊಂಡೆ.