ಓದಿ ಹೇಳದ ಹುಕುಂ

ನಮ್ಮ ಮನೆಯ ಗಂಡಸರಿಗೆ ಹೆಂಗಸರ ಹೆಸರು ಬೇಕಾಗುತ್ತಿದ್ದದ್ದು ಎರಡೇ ಕಡೆ, ಲಗ್ನಪತ್ರಿಕೆಯಲ್ಲಿ ಮತ್ತು ಹೊಲದ ಉತಾರದಲ್ಲಿ, ಎಂದರೆ ಪಹಣಿಯಲ್ಲಿ. ಒಬ್ಬರ ಹೆಸರಿಗೆ ಇಷ್ಟೇ ಹೊಲ ಎಂಬ ಸೀಲಿಂಗ್ ಕಾಯ್ದೆ ಬಂದಾಗ ಹೊಲ ಕೈಬಿಟ್ಟು ಹೋದೀತೆಂದು ಹೆದರಿದ ಅಪ್ಪ, ಅಂಕಲಿ ಹಾದಿಯ ಎರಿಹೊಲವನ್ನು ದೊಡ್ಡವ್ವನ ಹೆಸರಿಗೆ ಮಾಡಿಸಿದ್ದ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಅಪ್ಪನಿಗೆ ವೈನಿ. ಮಕ್ಕಳಿರಲಿಲ್ಲ, ದೊಡ್ಡಪ್ಪ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲೇ ಇದ್ದಳು. ಕಾಗದದ ಮೇಲೆ ಒಡತಿಯಾದರೂ ಆ ಹೊಲದಲ್ಲಿ ಯಾರನ್ನೂ ಕೇಳದೆ ಒಂದು ಕಬ್ಬು ಮುರಿದವಳಲ್ಲ. ಹೆಬ್ಬೆಟ್ಟು ಒತ್ತು ಎಂದಾಗ ಒತ್ತುತ್ತಿದ್ದಳು, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಒಲೆಯ ಮುಂದೆ ಕೂಡುತ್ತಿದ್ದಳು.

ಆ ಹೊಲದ ಬದುವಿನ ಗುಂಟ ಹಿಂದಿನ ಹೊಲದವನ ಚಕ್ಕಡಿ ಹಾದಿ ಇತ್ತು. ಅವನ ಅಜ್ಜನ ಕಾಲದಿಂದಲೂ ಅವನ ಬೆಳೆ ಹೊರಗೆ ಬರುತ್ತಿದ್ದದ್ದು ಅಲ್ಲಿಂದಲೇ, ಬೇರೆ ಹಾದಿಯೇ ಇರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಅಪ್ಪನ ಕಣ್ಣು ಅದರ ಮೇಲೆ ಬಿತ್ತು. ಹಾದಿ ಮುರಿದರೆ ನಾಲ್ಕು ಸಾಲು ಕಬ್ಬು ಹೆಚ್ಚಿಗೆ ಹಚ್ಚಬಹುದಿತ್ತು. ನಾಲ್ಕೇ ಸಾಲು. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ. ಸುಳಿವು ಹತ್ತಿದ ಹಿಂದಿನ ಹೊಲದವನು ಚಿಕ್ಕೋಡಿ ಕೋರ್ಟಿಗೆ ಹೋದ. ಉತಾರದಲ್ಲಿದ್ದದ್ದು ದೊಡ್ಡವ್ವನ ಹೆಸರಾದ್ದರಿಂದ ದಾವೆಯೂ ಅವಳ ಮೇಲೆಯೇ ಆಯಿತು. ಹಾದಿಗೆ ಅಡ್ಡಿ ಮಾಡಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು.

ಆ ಹುಕುಂ ಹಿಡಿದು ಬಂದ ಕೋರ್ಟಿನ ಬೇಲಿಫನಿಗೆ ಅಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಚಹಾ ಕೊಡಿಸಿದ. ದೊಡ್ಡವ್ವನನ್ನು ಒಳಗಿನಿಂದ ಕರೆದರು. ಅವಳು ಬಂದು ಹೆಬ್ಬೆಟ್ಟು ಒತ್ತಿದಳು. ಬೇಲಿಫ ಅದರ ಕೆಳಗೆ ‘ಓದಿ ಹೇಳಲಾಗಿದೆ’ ಎಂದು ಬರೆದು, ಓದಿ ಹೇಳಿದವರ ಸಹಿ ಬೇಕು ಎಂದ. ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಸರಕಾರಿ ಶಾಲೆಯಲ್ಲಿ ಅಕ್ಕೋರಾಗಿ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ.

“ಏನ್ ಬರದಾರ ತಂಗಿ ಅದರಾಗ?” ಎಂದು ದೊಡ್ಡವ್ವ ಕೇಳಿದಳು.

ಅಪ್ಪ ನನ್ನ ಮುಖ ನೋಡಿದ. “ಏನಿಲ್ಲ ದೊಡ್ಡವ್ವಾ, ಹೊಲದ ಕಾಗದ” ಎಂದು ಹೇಳಿ ನಾನು ಸಹಿ ಮಾಡಿದೆ. ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿ ಸಂಜೆ ಮನೆಗೆ ಬಂದು ಮಾಡಿದ ಕೆಲಸ ಇದು.

ಒಂದು ವಾರ ಕಳೆಯುವುದರೊಳಗೆ ಅಪ್ಪ ಹಾದಿಗೆ ನೇಗಿಲು ಹೊಡೆಸಿ ಕಬ್ಬು ಹಚ್ಚಿಸಿದ. ಕೋರ್ಟಿನ ಹುಕುಂ ಐತಲ್ಲ ಎಂದು ನಾನು ಕೇಳಿದ್ದಕ್ಕೆ ನಕ್ಕುಬಿಟ್ಟ.

“ಹುಕುಂ ನನ್ನ ಹೆಸರಿಗೆಲ್ಲೈತಿ? ವೈನಿ ಹೆಸರಿಗೈತಿ. ಗಂಡ ಸತ್ತ ಮುದುಕಿನ್ನ ಯಾವ ಸಾಹೇಬ ಒಳಗ ಹಾಕ್ತಾನ?”

ಚಹಾದಂಗಡಿಯಲ್ಲಿ ಜನ ಇದನ್ನು ಕೇಳಿ ಮೂಗು ಮುರಿಯಲಿಲ್ಲ. ಭಾರೀ ಡೋಕಿ, ಭಾರೀ ತಲಿ ಐತಿ ನಿಂದು ಎಂದು ಅಪ್ಪನ ಬೆನ್ನು ಚಪ್ಪರಿಸಿದರು. ಅವರಲ್ಲಿ ಅರ್ಧ ಜನರ ಹೊಲಗಳೂ ಹೀಗೆಯೇ ಅವ್ವ, ಅಕ್ಕ, ವೈನಿಯರ ಹೆಸರಿನ ಮರೆಯಲ್ಲಿ ಅಡಗಿಕೊಂಡಿದ್ದವು.

ಕೋರ್ಟಿನ ಆಜ್ಞೆ ಮುರಿದರೆಂದು ಹಿಂದಿನ ಹೊಲದವನು ಮತ್ತೊಂದು ಅರ್ಜಿ ಹಾಕಿದ. ಮೊದಲ ತಾರೀಖಿಗೆ ನ್ಯಾಯಾಧೀಶರು, ಮುಂದಿನ ತಾರೀಖಿನೊಳಗೆ ಹಾದಿ ಬಿಟ್ಟುಕೊಟ್ಟರೆ ಇಲ್ಲಿಗೇ ಮುಗಿಸುತ್ತೇನೆ ಎಂದರಂತೆ. ದೊಡ್ಡವ್ವನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ ಅಪ್ಪ ಆ ಮಾತನ್ನು ಅವಳಿಗೆ ಮುಟ್ಟಿಸಲೇ ಇಲ್ಲ. ಬಿಟ್ಟುಕೊಡಿ ಎಂದು ನಮ್ಮ ವಕೀಲರೂ ಹೇಳಿದರು. ನಾಟಿಕೊಂಡ ಕಬ್ಬನ್ನು ಯಾವ ರೈತ ಕೀಳುತ್ತಾನೆ ಎಂದು ಅಪ್ಪ ಅವರಿಗೇ ಬುದ್ಧಿ ಹೇಳಿದ. ಆ ಕಡೆ ಹಿಂದಿನ ಹೊಲದವನ ಕಬ್ಬು ಕಟಾವಿಗೆ ಬಂದು ಹೂ ಬಿಟ್ಟು ನಿಂತಿತ್ತು. ಕಡಿಯಲು ಬಂದ ಗುಂಪು ಚಕ್ಕಡಿಗೆ ಹಾದಿಯಿಲ್ಲದ್ದನ್ನು ನೋಡಿ ತಿರುಗಿ ಹೋಯಿತು.

ಎರಡನೆಯ ತಾರೀಖಿಗೆ ದೊಡ್ಡವ್ವ ಬರಲೇಬೇಕೆಂದಾಯಿತು. ಆ ದಿನ ಬೆಳಿಗ್ಗೆ ಅಪ್ಪ ತಾನೇ ಅವಳ ಟ್ರಂಕು ತೆಗೆದು ಸೀರೆ ಆರಿಸಿದ.

“ಹರದದ್ದ ಉಟ್ಕೋ ವೈನಿ. ಸಾಹೇಬ್ರ ಮುಂದ ಅಳಬೇಕ ನೋಡ. ನನಗೇನೂ ಗೊತ್ತಿಲ್ರಿ, ಯಾರೂ ಓದಿ ಹೇಳಿಲ್ರಿ ಅಂತ ಅನ್ನು.”

ಬಸ್ಸಿನಲ್ಲಿ ನಾನು ಅಪ್ಪನಿಗೆ, ಅದರ ಮೇಲೆ ನನ್ನ ಸಹಿ ಐತಿ ಎಂದು ನೆನಪಿಸಿದೆ. ಅದನ್ನ್ಯಾರ ನೋಡ್ತಾರ ಎಂದು ಅವನು ಎಲೆಗೆ ಸುಣ್ಣ ಹಚ್ಚಿಕೊಂಡ. ಮುಂದಿನ ಸೀಟಿನಲ್ಲಿದ್ದ ದೊಡ್ಡವ್ವ ಹಿಂತಿರುಗಿ ನೋಡಲಿಲ್ಲ. ಕೇಳಿಸಿಕೊಂಡಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಕೋರ್ಟಿನಲ್ಲಿ ನ್ಯಾಯಾಧೀಶರು ಅವಳ ವಯಸ್ಸು ನೋಡಿ ಮೆತ್ತಗೇ ಕೇಳಿದರು, ಈ ಹುಕುಂ ನಿಮಗೆ ಓದಿ ಹೇಳಿದ್ದರೇನಮ್ಮಾ ಎಂದು. ಎದುರು ಪಕ್ಷದ ವಕೀಲರು ಎದ್ದುನಿಂತರು. ಓದಿ ಹೇಳಿದ್ದಕ್ಕೆ ಸಹಿ ಇದೆ, ಸಹಿ ಮಾಡಿದವಳು ಸರಕಾರಿ ಶಿಕ್ಷಕಿ, ಇಲ್ಲೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಳೆ, ಅದು ಸುಳ್ಳು ಸಹಿಯಾದರೆ ಮೊದಲು ಅವಳನ್ನು ವಿಚಾರಿಸಬೇಕು ಎಂದರು.

ಎದ್ದು ನಿಂತು, ಓದಿ ಹೇಳಿಲ್ಲ ಸಾಹೇಬ್ರ, ಇದು ನಮ್ಮಪ್ಪನ ಕೆಲಸ ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಅವಳು ಬಿಡುಗಡೆಯಾಗಿ ಮನೆಗೆ ಬರುತ್ತಿದ್ದಳು. ನಾನು ಏಳಲಿಲ್ಲ. ನೌಕರಿ ಹೋದೀತೆಂದು ಬೆಂಚಿಗೆ ಅಂಟಿಕೊಂಡು ಕೂತೆ. ಅಪ್ಪನನ್ನು ನೆನೆದು ಅಸಹ್ಯಪಡುವಾಗಲೆಲ್ಲ ಆ ಬೆಂಚನ್ನೂ ಸೇರಿಸಿಕೊಂಡೇ ಅಸಹ್ಯಪಡುತ್ತೇನೆ.

ದೊಡ್ಡವ್ವ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು.

“ಓದಿ ಹೇಳ್ಯಾಳ್ರಿ. ನಾನ ಕೇಳಲಿಲ್ಲ.”

ಅವಳು ಅಳಲಿಲ್ಲ. ನ್ಯಾಯಾಧೀಶರು ಎಂಟು ದಿನದ ಸಿವಿಲ್ ಜೈಲು ಬರೆದರು. ಹಾದಿಯನ್ನು ಕೋರ್ಟಿನವರೇ ನಿಂತು ಬಿಡಿಸಬೇಕೆಂದೂ ಹೇಳಿದರು. ಅಪ್ಪ ಹೊರಗೆ ಕ್ಯಾಂಟೀನಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದ. ನಾನು ಹೋಗಿ ಹೇಳಿದಾಗ ಕೈಯನ್ನು ಧೋತರಕ್ಕೆ ಒರೆಸಿಕೊಂಡು, “ಎಂಟ ದಿನ ಅಷ್ಟ ಅಲ್ಲಾ?” ಎಂದ. ಅಂದಿನಿಂದ ಅವನ ತಾಟಿನ ಪಕ್ಕದಲ್ಲಿ ಕೂತು ಉಣ್ಣುವುದನ್ನು ಬಿಟ್ಟೆ.

ಎಂಟು ದಿನ ಮುಗಿದಾಗ ಅವಳನ್ನು ಜಿಲ್ಲಾ ಜೈಲಿನಿಂದ ಕರೆತರಲು ಹೋದವಳು ನಾನೊಬ್ಬಳೇ. ಗಂಡಸರಿಗೆ ಹೊಲದ ಕೆಲಸವಿತ್ತಂತೆ. ಜೈಲಿನಲ್ಲಿ ಊಟ ಹೇಗಿತ್ತೆಂದು ಕೇಳಿದೆ. ಛಲೋ ಇತ್ತು, ಯಾರೋ ಮಾಡಿ ಹಾಕ್ತಿದ್ರ ಎಂದಳು. ಬಸ್ಸು ಚಿಕ್ಕೋಡಿ ಹತ್ತಿರ ಬಂದಾಗ ನನ್ನ ಮೊಣಕೈ ಮುಟ್ಟಿದಳು.

“ಈಗರ ಓದಿ ಹೇಳ ತಂಗಿ. ಏನ್ ಬರದಿತ್ತ ಆ ಕಾಗದದಾಗ?”

ಕಾಗದ ನನ್ನ ಹತ್ತಿರ ಇರಲಿಲ್ಲ. ಆದರೆ ಆ ಎಂಟು ದಿನ ಮನೆಯಲ್ಲಿ ಅದನ್ನೇ ತೆಗೆದು ಓದಿ ಓದಿ ಬಾಯಿಪಾಠವಾಗಿತ್ತು. ಅವಳ ಹೆಸರು, ಗಂಡನ ಹೆಸರು, ಹೊಲದ ನಂಬರು, ಆಮೇಲೆ ಮೂರೇ ಸಾಲು: ಹಿಂದಿನ ಹೊಲದವರ ಹಾದಿಗೆ ನೀವಾಗಲಿ ನಿಮ್ಮ ಕಡೆಯವರಾಗಲಿ ಅಡ್ಡಿ ಮಾಡಕೂಡದು. ನಾನು ಮೆಲ್ಲಗೆ ಹೇಳಿ ಮುಗಿಸಿದೆ.

“ಇಷ್ಟನ? ಅವತ್ತ ಹೇಳಿದ್ದರ ನಾನ ಹೋಗಿ ಹಾದ್ಯಾಗ ಕುಂಡರತಿದ್ದೆ. ಎತ್ತ ಹೂಡಾಕ ಬಿಡತಿದ್ದಿಲ್ಲ. ಹೊಲ ನಂದ ಐತಿ ಅಲ್ಲಾ?”