ಔಷಧ ಅಲ್ಲ ಎಂದ ವಾರಿಜಾ ಮೇಡಂ

ವಾರಿಜಾ ಮೇಡಂ ಎದುರು ಆ ಹಳದಿ ಪುಡಿಯನ್ನು 'ಔಷಧ' ಎಂದವರು ಯಾರೂ ಬೈಸಿಕೊಳ್ಳದೆ ಹೋದದ್ದಿಲ್ಲ. ಪ್ರಿನ್ಸಿಪಾಲರಾದರೂ ಅಷ್ಟೇ, ಗಾಜು ತೊಳೆಯುವ ಅಟೆಂಡರ್ ಆದರೂ ಅಷ್ಟೇ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಗುರಾಯಿಸಿ, "ಔಷಧ ಅಲ್ಲ ಮಾರಾಯ್ರೆ, ಕಾಂಪೌಂಡು. ಔಷಧ ಆಗೋದಕ್ಕೆ ನನ್ನ ಆಯುಸ್ಸು ಸಾಲ್ದು" ಎನ್ನುತ್ತಿದ್ದರು.

ಸಾಗರದ ಸರ್ಕಾರಿ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ತೀರ್ಥಹಳ್ಳಿ ಕಡೆಯ ಬೇಸಾಯಗಾರರ ಮನೆಯ ಮಗಳು. ಆಸಿಡ್ ಬಿದ್ದು ತೂತಾದ ಸೀರೆಗಳನ್ನೇ, ತೂತು ನೆರಿಗೆಯೊಳಗೆ ಮರೆಮಾಡಿ, ಉಟ್ಟುಕೊಂಡು ಬರುವವರು. ಎಂ.ಎಸ್ಸಿ. ಮುಗಿಸಿದ ನಾನು ಎರಡು ವರ್ಷ ಅವರ ಸಂಶೋಧನೆಗೆ ಸಹಾಯಕಿಯಾಗಿದ್ದೆ. ಮೊದಲ ದಿನವೇ ನೋಟ್‌ಬುಕ್ ಕೈಗಿಟ್ಟು ಹೇಳಿದ್ದರು: "ಒಳ್ಳೇ ರಿಸಲ್ಟು ಯಾವ ಪೆನ್ನಲ್ಲಿ ಬರೀತೀಯೋ, ಕೆಟ್ಟದ್ದೂ ಅದ್ರಲ್ಲೇ ಬರಿ. ಪೆನ್ಸಿಲು ಹಿಡಿದ್ರೆ ಕೈ ಮುರೀತೀನಿ."

ಕೆಲಸ ಇಷ್ಟು. ನಮ್ಮ ಪ್ರತಿ ಜೀವಕೋಶದೊಳಗೂ ಅದಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳಿವೆ. ಅವುಗಳ ಪೊರೆ ಸಡಿಲವಾದರೆ ಒಳಗಿನ ಪ್ರೋಟೀನುಗಳು ಹೊರಬಿದ್ದು, ಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಕ್ಯಾನ್ಸರ್ ಕೋಶಗಳು ಈ ಸಾವಿನಿಂದ ಜಾಣತನದಿಂದ ನುಣುಚಿಕೊಳ್ಳುತ್ತವೆ. ಆ ಸಾವನ್ನು ಮತ್ತೆ ಶುರು ಮಾಡಿಸಬಲ್ಲ ಅಣುಗಳನ್ನು ಮೇಡಂ ಒಂದೊಂದಾಗಿ ಕಟ್ಟುತ್ತಿದ್ದರು. ಕೋಶಗಳ ಮೇಲೆ ಪರೀಕ್ಷಿಸುವ ಸೌಕರ್ಯ ನಮ್ಮಲ್ಲಿರಲಿಲ್ಲ. ಸಣ್ಣ ಸಣ್ಣ ಸೀಸೆಗಳನ್ನು ಥರ್ಮೋಕೋಲ್ ಡಬ್ಬದಲ್ಲಿಟ್ಟು, ತೊಡೆಯ ಮೇಲೆ ಹಿಡಿದುಕೊಂಡು, ಹುಲಿಕಲ್ ಘಾಟಿ ಇಳಿಯುವ ಬಸ್ಸಿನಲ್ಲಿ ಕರಾವಳಿಯ ಒಂದು ಲ್ಯಾಬಿಗೆ ತಾವೇ ಒಯ್ಯುತ್ತಿದ್ದರು.

ಹದಿನೇಳನೆಯ ಕಾಂಪೌಂಡು, ಅದೇ ಆ ಹಳದಿ ಪುಡಿ, ಗೆದ್ದಿತು. ಗಾಜಿನ ತಟ್ಟೆಯಲ್ಲಿದ್ದ ಗಡ್ಡೆಯ ಕೋಶಗಳು ಸತ್ತವು. ನಾನು ಕುಣಿದಾಡಿದೆ. ಮೇಡಂ, "ತಡಿ, ಹೃದಯದ ಕೋಶದ ಮೇಲೂ ನೋಡುವ" ಎಂದರು. ಹೃದಯಕ್ಕೆ ಬಿಡುವೇ ಇಲ್ಲವಲ್ಲ, ಅಲ್ಲಿ ಮೈಟೊಕಾಂಡ್ರಿಯ ಕಿಕ್ಕಿರಿದಿರುತ್ತವೆ. ಮೂರು ವಾರದ ಮೇಲೆ ಫಲಿತಾಂಶ ಬಂತು. ಅವೂ ಸತ್ತಿದ್ದವು.

"ಒಳಗೆ ಹೋಗಿ ಕರೆಂಟು ತೆಗೆಯೋದು ದೊಡ್ಡ ವಿಷ್ಯ ಅಲ್ಲ ಕಣೇ. ಯಾರ ಮನೇದು ತೆಗೀತಿದೀನಿ ಅಂತ ಅದಕ್ಕೆ ಗೊತ್ತಾಗ್ಬೇಕು" ಎಂದು ಹದಿನೆಂಟನೆಯದಕ್ಕೆ ಕೈ ಹಚ್ಚಿದರು.

ಆದರೆ ಆ ಮೂರು ವಾರಗಳ ನಡುವೆಯೇ ಅನಾಹುತ ನಡೆದುಹೋಗಿತ್ತು. ನಮ್ಮ ಪ್ರಿನ್ಸಿಪಾಲರಿಗೆ ಕಾಲೇಜಿನ ಹೆಸರು ಪತ್ರಿಕೆಯಲ್ಲಿ ಬರಬೇಕಿತ್ತು. ಮೇಡಂ ಊರಲ್ಲಿಲ್ಲದ ದಿನ ವರದಿಗಾರರನ್ನು ಕರೆಸಿ ಮಾತಾಡಿದರು. 'ಕ್ಯಾನ್ಸರಿಗೆ ಮಲೆನಾಡಿನ ಮದ್ದು' ಎಂಬ ತಲೆಬರಹ, ಕೆಳಗೆ ಮೇಡಂ ಫೋಟೋ. ಮೇಡಂ ಬಂದವರೇ ತಿದ್ದುಪಡಿ ಬರೆದು ಕಳಿಸಿದರು. ಅದು ಅಚ್ಚಾಗಲಿಲ್ಲ. ಮತ್ತೆ ಬರೆದರು. ಆಗಲೂ ಇಲ್ಲ. ಸುಳ್ಳಿಗೆ ಅರ್ಧ ಪುಟ ಕೊಟ್ಟವರಿಗೆ ನಿಜಕ್ಕೆ ನಾಲ್ಕು ಸಾಲಿನ ಜಾಗವಿರಲಿಲ್ಲ.

ಎರಡು ತಿಂಗಳಾಗಿರಬೇಕು. ಮಾಸ್ತಿಕಟ್ಟೆ ಕಡೆಯಿಂದ ಗಣಪಣ್ಣ ಎಂಬುವವರು ಹೆಂಡತಿ ಶಾರದಮ್ಮನನ್ನು ಕರೆದುಕೊಂಡು ಲ್ಯಾಬಿನ ಬಾಗಿಲಿಗೆ ಬಂದರು. ಆಕೆ ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದರು. ಗಣಪಣ್ಣನ ಜೇಬಿನಲ್ಲಿ ಆ ಪತ್ರಿಕೆಯ ತುಂಡು.

"ಶಿವಮೊಗ್ಗದಲ್ಲಿ ಕೀಮೋ ಕೊಡ್ತಿದ್ರು ಮೇಡಂ. ಇವಳಿಗೆ ತಡ್ಕಳಕ್ಕಾಗ್ಲಿಲ್ಲ. ಪೇಪರ್ ನೋಡಿದ್ಮೇಲೆ ನಿಲ್ಸಿದ್ವಿ. ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ಕಾಯ್ತಿದ್ವಿ."

ಮೇಡಂ ಸ್ಟೂಲು ಎಳೆದು ಶಾರದಮ್ಮನನ್ನು ಕೂರಿಸಿದರು. "ಅದು ಔಷಧ ಅಲ್ಲ ಗಣಪಣ್ಣ. ಗಡ್ಡೇನೂ ಕೊಲ್ತದೆ, ಹೃದಯಾನೂ ಕೊಲ್ತದೆ."

"ಒಂದು ಚಿಟಿಕೆ ಕೊಡಿ ಸಾಕು. ಯಾರಿಗೂ ಹೇಳಲ್ಲ."

"ಕೊಡಲ್ಲ."

"ಪೇಪರಲ್ಲಿ ನಿಮ್ದೇ ಫೋಟೋ ಇದ್ಯಲ್ಲ ಮೇಡಂ" ಎಂದರು ಶಾರದಮ್ಮ, ಮೆಲ್ಲಗೆ. ಅವರು ಆಡಿದ್ದು ಅದೊಂದೇ ಮಾತು.

ಮೇಡಂ ಇಬ್ಬರನ್ನೂ ಕರೆದುಕೊಂಡು ಸೀದಾ ಪ್ರಿನ್ಸಿಪಾಲರ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಒಳಗೆ ಯಾರೋ ಅತಿಥಿಗಳಿದ್ದರು. ಮೇಡಂ ಲೆಕ್ಕಿಸಲಿಲ್ಲ.

"ಸರ್, ಇವರು ಮದ್ದು ಕೇಳ್ಕೊಂಡು ಬಂದಿದಾರೆ. ಇಲ್ಲ ಅಂತ ನೀವೇ ಹೇಳಿ."

ಪ್ರಿನ್ಸಿಪಾಲರು ನಗಲು ನೋಡಿದರು. "ಏನು ಮೇಡಂ ಇದು... ಜನಕ್ಕೆ ಒಂದು ಭರವಸೆ ಇರ್ಲಿ ಅಂತ ಅಲ್ವಾ..."

"ಭರವಸೆ ಕೊಡೋಕೆ ನಿಮಗೇನು ಕಷ್ಟ ಸರ್? ಕಾದು ಕೂತೋರು ಇವರು! ಎರಡು ತಿಂಗಳು! ಆ ಎರಡು ತಿಂಗಳು ಗಡ್ಡೆ ಕಾದು ಕೂತಿತ್ತು ಅಂದ್ಕೊಂಡ್ರಾ?"

ಅಷ್ಟು ದೊಡ್ಡ ದನಿಯನ್ನು ನಾನು ಅವರಿಂದ ಕೇಳಿದ್ದೇ ಇರಲಿಲ್ಲ. ಪ್ರಿನ್ಸಿಪಾಲರು ಮೇಜಿನ ಮೇಲಿನ ಫೈಲು ತೆರೆದು ನೋಡತೊಡಗಿದರು. ಶಾರದಮ್ಮನ ಕಡೆ ಒಂದು ಸಲವೂ ಕಣ್ಣೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ರಜೆ ಹಾಕಿ, ಆ ದಂಪತಿಯ ಜೊತೆ ತಾವೇ ಶಿವಮೊಗ್ಗದ ಆಸ್ಪತ್ರೆಗೆ ಹೋದರು. ಚಿಕಿತ್ಸೆ ಮತ್ತೆ ಶುರುವಾಯಿತು. ಆದರೆ ರೋಗ ಪಿತ್ತಜನಕಾಂಗಕ್ಕೂ ಹಬ್ಬಿತ್ತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಮೇಡಂ ವೈದ್ಯರನ್ನು ಕೇಳಿದರಂತೆ. ಅವರು ಹೇಳಲಾಗದು ಎಂದರಂತೆ. ಆ 'ಹೇಳಲಾಗದು' ಮೇಡಂ ಅವರನ್ನು ಮುಂದೆ ಬಹಳ ತಿಂದಿತು.

ಮಳೆಗಾಲಕ್ಕೆ ಮೊದಲೇ ಶಾರದಮ್ಮ ತೀರಿಕೊಂಡರು. ಸುದ್ದಿ ಕೇಳಿ ನಾವಿಬ್ಬರೂ ಮಾಸ್ತಿಕಟ್ಟೆಗೆ ಹೋದೆವು. ಮೇಡಂ ಜಗುಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಗಣಪಣ್ಣ ನೀರು ತಂದಿಟ್ಟು, "ಎಲ್ಲರೂ ಕೊಡ್ತೀವಿ ಅಂದೋರೇ ಮೇಡಂ. ಬೇರು, ಕಷಾಯ, ಹರಕೆ... ಇಲ್ಲ ಅಂದಿದ್ದು ನೀವೊಬ್ರೇ. ಅವಳು ಅದನ್ನೇ ಹೇಳ್ತಿದ್ಲು" ಎಂದರು. ಆಕೆ ಅದನ್ನು ದೂರಿ ಹೇಳಿದ್ದೋ ಮೆಚ್ಚಿ ಹೇಳಿದ್ದೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಅದೇ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಮೇಡಂಗೆ ಸನ್ಮಾನ ಇಟ್ಟರು. 'ಕ್ಯಾನ್ಸರ್ ಔಷಧ ಸಂಶೋಧಕಿ' ಎಂದೇ ಕೂಗಿದರು. ಮೇಡಂ ಶಾಲು ಹೊದೆಸಿಕೊಳ್ಳಲಿಲ್ಲ. ಮೈಕಿನ ಮುಂದೆ ನಿಂತು, "ನಾನು ಔಷಧ ಕಂಡುಹಿಡಿದಿಲ್ಲ. ಕಂಡುಹಿಡಿದಿದ್ದೇನೆ ಅಂತ ಬರೆಸಿದವರು ಈ ವೇದಿಕೆ ಮೇಲೇ ಇದ್ದಾರೆ. ಅದನ್ನು ನಂಬಿ ಒಬ್ಬರು ಚಿಕಿತ್ಸೆ ಬಿಟ್ಟಿದ್ದರು" ಎಂದು ಹೇಳಿ ಇಳಿದುಬಂದರು. ಎರಡು ತಿಂಗಳೊಳಗೆ ಉತ್ತರದ ಒಂದು ಜಿಲ್ಲೆಗೆ ವರ್ಗಾವಣೆಯ ಆದೇಶ ಬಂತು. ಅಲ್ಲಿ ಲ್ಯಾಬ್ ಇರಲಿ, ನೆಟ್ಟಗೆ ನೀರಿನ ನಲ್ಲಿಯೂ ಇರಲಿಲ್ಲ. ಇಪ್ಪತ್ಮೂರನೆಯ ಕಾಂಪೌಂಡು ಅರ್ಧಕ್ಕೇ ನಿಂತಿತು. ಪ್ರಿನ್ಸಿಪಾಲರಿಗೆ ಏನೂ ಆಗಲಿಲ್ಲ.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅವರನ್ನು ನಾನು ಕಂಡದ್ದು ಅದೇ ಕೊನೆ. ಮರುವರ್ಷ ವರ್ಗವಾಗಿ ಹೋದ ಊರಲ್ಲೇ ಕಾಮಾಲೆಯಾಗಿ ಹೋಗಿಬಿಟ್ಟರು. ಅಂದು ಸಿಟ್ಟು ತಡೆಯಲಾರದೆ, "ನಿಮಗೆ ದೊಡ್ಡ ಅನ್ಯಾಯ ಆಯ್ತು ಮೇಡಂ" ಎಂದು ಅತ್ತುಬಿಟ್ಟೆ.

ಬಸ್ಸಿನ ಕಿಟಕಿಯಿಂದ ಅದೇ ಗುರಾಯಿಸುವ ನೋಟ.

"ನಂಗಾಗಿದ್ದು ಟ್ರಾನ್ಸ್‌ಫರ್ ಕಣೇ. ಅನ್ಯಾಯ ಆಗಿದ್ದು ಶಾರದಮ್ಮಂಗೆ. ಎರಡನ್ನೂ ಒಂದೇ ಮಾಡ್ಬೇಡ."