ಫಕ್ರಮ್ಮ ತನ್ನದೆಂದ ಬೆಕ್ಕು

ಅಟ್ಟೂರಿನ ನಮ್ಮ ಬೀದಿಯಲ್ಲಿ ಸೀರೆಗೆ ಕುಚ್ಚು ಕಟ್ಟಿಸಬೇಕೆಂದರೆ ಎಲ್ಲರೂ ಫಖ್ರುನ್ನೀಸಾಳ ಮನೆಗೇ ಹೋಗುತ್ತಾರೆ. ನಾಲಿಗೆ ಹೊರಳದ ನಮಗೆ ಅವಳು ಫಕ್ರಮ್ಮ. ಪಕ್ಕದ ಮನೆಗೆ ಬಂದು ಇಪ್ಪತ್ತು ವರ್ಷವಾಯಿತು. ಅವಳ ಗಂಡ ಮುಕ್ತಾರ್ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದ. ಅವನೂ ನನ್ನ ಯಜಮಾನರೂ ಒಂದೇ ವರ್ಷ ತೀರಿಹೋದರು. ಆಮೇಲೆ ನನ್ನ ಬಾಗಿಲ ಮುಂದೆ ಹಾದವರು ಊಟ ಆಯ್ತಾ ಎಂದು ಕೇಳಿ ಮುಂದೆ ನಡೆದರು. ಅವಳ ಮನೆಗೆ ಹೋದವರು ಕೂತು ಹರಟಿದರು. ಈ ಹೊಟ್ಟೆಕಿಚ್ಚು ನನಗೆ ಅಂದಿನದು. ಮುಚ್ಚಿಟ್ಟು ಏನು ಬಂತು?

ನನಗೆ ಅಂತ ಇದ್ದದ್ದು ಒಂದು ಕರಿ ಬೆಕ್ಕು. ಬೀದಿಯದು, ಬಾಲ ಮುರಿದದ್ದು. ಮೂರು ವರ್ಷ ದಿನಾ ತೆಂಗಿನ ಚಿಪ್ಪಿನಲ್ಲಿ ಹಾಲು ಹಾಕಿದೆ. ಒಳಗೆ ಮಾತ್ರ ಬಿಡಲಿಲ್ಲ. ಬೆಕ್ಕಿನ ಕೂದಲು ಅಡುಗೆಗೆ ಬೀಳಬಾರದೆಂದು ನಮ್ಮತ್ತೆ ಕಾಲದ ಕಟ್ಟಳೆ. ನನ್ನ ಹಾಲು ಕುಡಿದು ಅದು ಹೋಗಿ ಮಲಗುತ್ತಿದ್ದದ್ದು ಫಕ್ರಮ್ಮನ ರೇಷ್ಮೆ ದಾರದ ಬುಟ್ಟಿಯಲ್ಲಿ.

ಎದುರು ಮನೆಯ ಅಶ್ವತ್ಥ್ ಒಂದು ಬಿಳಿ ಜಾತಿ ಬೆಕ್ಕು ಸಾಕಿದ್ದಾನೆ. ಅದಕ್ಕೆ ಬಾಚಣಿಗೆ ಬೇರೆ, ಡಾಕ್ಟರ್ ಬೇರೆ. ಹೋದ ತಿಂಗಳು ಕರಿಯದು ಅವನ ಕಿಟಕಿಯ ಅಂಚಿನಲ್ಲಿ ಕೂತು ಬಿಳಿಯದನ್ನು ನೋಡುತ್ತಿತ್ತು. ಅವನು ಪಾತ್ರೆ ತಂದು ಕುದಿಯುವ ನೀರು ಸುರಿದ. ಬಟ್ಟೆ ಒಣಹಾಕುತ್ತಿದ್ದ ನಾನು ಕಣ್ಣಾರೆ ಕಂಡೆ. ಆ ಉರಿಯಲ್ಲಿ ಅದು ಓಡಿದ್ದು ನನ್ನ ಕಡೆಗಲ್ಲ, ಅವಳ ಮನೆಗೆ. ಅವಳೇ ದುಪಟ್ಟಾದಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದಳು. ಮರುದಿನ ದೂರು ಕೊಡಲು ಸ್ಟೇಷನ್ನಿಗೆ ಹೊರಟಳು. "ನೀವೂ ಬನ್ನಿ ಬೈರಮ್ಮಕ್ಕ" ಎಂದಳು. ಬೆಕ್ಕು ನನ್ನದೆಂದು ಹೇಳಲಿಕ್ಕೇ ನಾನು ಹೋದದ್ದು.

ಅಶ್ವತ್ಥನನ್ನೂ ಕರೆಸಿದ್ದರು. ಹೆಡ್ ಕಾನ್‌ಸ್ಟೆಬಲ್ ಪೆನ್ನು ಹಿಡಿದು, "ಸಾಕಿದ್ದಾ, ಬೀದೀದಾ?" ಎಂದರು.

"ನಮ್ದೇ ಸರ್" ಎಂದಳು ಫಕ್ರಮ್ಮ.

ನಾನು ಮುಂದೆ ನುಗ್ಗಿದೆ. "ಸುಳ್ಳು ಸ್ವಾಮಿ. ಅವ್ಳು ಸಾಕಿಲ್ಲ, ಯಾರೂ ಸಾಕಿಲ್ಲ. ಬೀದೀದು. ಆಲು ಆಕೋಳು ನಾನು."

ಅಶ್ವತ್ಥ್ ನಕ್ಕ. "ನೋಡಿ ಸರ್, ಅಜ್ಜೀನೇ ಹೇಳ್ತಿದಾರೆ. ಬೀದಿ ಬೆಕ್ಕಿಗೆಲ್ಲ ಎಂಥ ಕೇಸು? ನನ್ಗೂ ಬೆಕ್ಕಂದ್ರೆ ಪ್ರಾಣ."

ನನ್ನ ಬಾಯಿಂದಲೇ ಅವನು ಪಾರಾಗುತ್ತಿದ್ದ.

"ಪ್ರಾಣ ನಿಮ್ಮನೇದಕ್ಕೆ ಮಾತ್ರ ಇರತ್ತೇನ್ರೀ?" ಎಂದರು ಹೆಡ್ಡು. "ಸಾಕಿದ್ದಕ್ಕೊಂದು, ಬೀದೀದಕ್ಕೊಂದು ಕಾನೂನಿಲ್ಲ. ಹಿಂಸೆ ಕೊಟ್ರೆ ಹಿಂಸೆನೇ. ನೋಡಿದೋರ್ಯಾರು?"

"ನಾನು ಒಳಗೆ ಕುಚ್ಚು ಕಟ್ತಿದ್ದೆ. ನೋಡಿದ್ದು ಅಕ್ಕ" ಎಂದಳು ಫಕ್ರಮ್ಮ.

ನಾನು ಹೇಳಿದರೆ ಅವಳ ದೂರು ಗಟ್ಟಿಯಾಗುತ್ತದೆ, ಬೀದಿಯೆಲ್ಲ ಫಕ್ರಮ್ಮನನ್ನೇ ಹೊಗಳುತ್ತದೆ. ಅಶ್ವತ್ಥ್ ಮುಗಿಯಿತೆನ್ನುವಂತೆ ಗಾಡಿ ಕೀ ಕೈಗೆ ತೆಗೆದುಕೊಂಡ. ಕೂದಲು ಕಿತ್ತುಬಂದ ಕರಿಯದರ ಬೆನ್ನು ಕಣ್ಣ ಮುಂದೆ ಬಂತು.

"ಕುದಿಯೋ ನೀರು ಉಯ್ದ. ಸ್ಟೀಲ್ ಪಾತ್ರೇಲಿ. ನಾನೇ ನೋಡಿದೀನಿ" ಎಂದೆ.

ಬರೆದುಕೊಂಡರು. ಒಂದೊಂದೇ ಅಕ್ಷರ ಜೋಡಿಸಿ ರುಜು ಹಾಕಿದೆ, ಅವಳ ಹೆಸರಿನ ಕೆಳಗೆ.

"ಬೆಕ್ಕು ಈಗ ಎಲ್ಲಿದೆ?"

"ನನ್ ಮಂಚದ್ ಮೇಲೆ ಸರ್. ಅಕ್ಕ ಯಾವಾಗ್ ಬೇಕಾದ್ರೂ ಬಂದು ನೋಡ್ಬೋದು."

ಅದನ್ನೂ ಬರೆದರು. ನೋಡಬಹುದಂತೆ, ನಾನು ಸಾಕಿದ ಬೆಕ್ಕನ್ನು.